ದಿನಕ್ಕೊಂದು ವಚನ ಸಾಕು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಎಷ್ಟೋ ಮನೆಗಳಲ್ಲಿ ವಚನದ ಪುಸ್ತಕಗಳು ದೇವರ ಜಗಲಿಯ ಮೇಲೆ ವಿಭೂತಿ ಹಚ್ಚಿಸಿಕೊಂಡು ಕೂತಿವೆ. ದಯವಿಟ್ಟು ಕೆಳಗಿಳಿಸಿ, ಓದಿ. ದಿನಕ್ಕೆ ಒಂದೇ ವಚನ, ಐದು ನಿಮಿಷ, ಮಕ್ಕಳಿಗೆ ಕೇಳುವಂತೆ ಗಟ್ಟಿಯಾಗಿ.

ಯೆಹೂದಿಗಳು ತಮ್ಮ ತಾಲ್ಮುದ್ ಗ್ರಂಥವನ್ನು ಹೀಗೇ ದಿನಕ್ಕೊಂದು ಹಾಳೆಯಂತೆ ಓದುತ್ತಾರೆ. 1923ರಲ್ಲಿ ಶುರುವಾದ ಪದ್ಧತಿ. 2,711 ಹಾಳೆ ಮುಗಿಯಲು ಸುಮಾರು ಏಳೂವರೆ ವರ್ಷ ಬೇಕು. ಅದೇ 1923ರಲ್ಲಿ ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಅಚ್ಚಾಯಿತು. ಅವರು ವಚನಗಳ ಓಲೆಗರಿಗಳನ್ನು ಅಷ್ಟು ಕಷ್ಟಪಟ್ಟು ಕೂಡಿಸಿದ್ದು ನಾವು ಓದಲೆಂದೇ ಅಲ್ಲವೇ?

ಕಳವು, ಕೊಲೆ, ಸುಳ್ಳು ಬೇಡವೆನ್ನುವ ಬಸವಣ್ಣನವರ ವಚನದಿಂದ ತೊಡಗಿ. ಅದರಲ್ಲಿ ಏಳು ಮಾತುಗಳಿವೆ, ವಾರದ ಒಂದೊಂದು ದಿನಕ್ಕೆ ಒಂದೊಂದು. ಸಿಟ್ಟು ಬೇಡವೆಂಬ ಮಾತಿನ ದಿನ ಮನೆಯವರ ಮೇಲೆ ರೇಗದೆ ಇದ್ದು ನೋಡಿ. ತನ್ನನ್ನು ತಾನು ಹೊಗಳಿಕೊಳ್ಳಬಾರದೆಂಬುದು ಎಲ್ಲಕ್ಕಿಂತ ಕಠಿಣ ಎಂದು ನನ್ನ ಅನಿಸಿಕೆ.

ಬಳಿಕ ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವರು, ತಂಗಡಗಿಯಲ್ಲಿ ಐಕ್ಯರಾದ ನೀಲಾಂಬಿಕೆ. ಇಬ್ಬರೂ ನಮ್ಮ ನೆರೆಯವರೇ. ಒಂದು ದಿನ ತಪ್ಪಿತೆಂದು ಮರುದಿನ ಎರಡು ಓದಬೇಡಿ, ಒಂದೇ ಓದಿ.