ಕುಡಿತ ಬಿಡಬೇಕು ಅನ್ನಿಸಿದೆಯೇ? ಒಬ್ಬರೇ ಹೋರಾಡಬೇಡಿ



ಪಗಾರ ಆದ ಸಂಜೆ. ನಾಸಿಕದ ಅಂಬಡ್ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ಖೋಲಿಗೆ ಹೊರಟಿದ್ದೀರಿ. "ಇವತ್ತು ಮುಟ್ಟೋದಿಲ್ಲ" ಎಂದು ಬೆಳಿಗ್ಗೆಯಷ್ಟೇ ಊರಿಗೆ ಫೋನ್ ಮಾಡಿ ಹೆಂಡತಿಗೆ ಮಾತು ಕೊಟ್ಟಿದ್ದೀರಿ. ಆದರೂ ಕಾಲು ತಾನಾಗಿ ಅಂಗಡಿಯ ಕಡೆ ತಿರುಗುತ್ತದೆ. ಇದು ಕೆಟ್ಟ ಗುಣವಲ್ಲ, ಕಾಯಿಲೆ. ಕಾಯಿಲೆಗೆ ಚಿಕಿತ್ಸೆ ಇದೆ, ಜೊತೆಗೆ ನಿಲ್ಲುವ ಜನರೂ ಇದ್ದಾರೆ.

*ಇದು ಶುರುವಾದದ್ದು ಹೀಗೆ*

1935ರ ಮೇ ತಿಂಗಳು. ಅಮೆರಿಕದ ಆಕ್ರನ್ ಎಂಬ ಟೈರು ಕಾರ್ಖಾನೆಗಳ ಊರಿಗೆ ಬಿಲ್ ವಿಲ್ಸನ್ ಎಂಬಾತ ವ್ಯವಹಾರಕ್ಕೆಂದು ಬಂದಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ಕೆಲಸ ಕೈಕೊಟ್ಟಿತು. ಪರ ಊರು, ಎದುರಿಗೇ ಹೋಟೆಲಿನ ಬಾರು. ಆತ ಬಾರಿಗೆ ಹೋಗದೆ ಫೋನ್ ಎತ್ತಿದ, ಕುಡಿತದಿಂದ ನರಳುತ್ತಿರುವ ಇನ್ನೊಬ್ಬರು ಮಾತಿಗೆ ಸಿಗುತ್ತಾರಾ ಎಂದು ಹುಡುಕಿದ. ಸಿಕ್ಕಿದವರು ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯ. ಅವರು ಕೊನೆಯ ಬಾರಿ ಕುಡಿದ 1935ರ ಜೂನ್ 10ನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಹುಟ್ಟಿದ ದಿನ ಎನ್ನುತ್ತಾರೆ. ಇದರಲ್ಲಿನ ಪಾಠ ಸರಳ: ನೊಂದವನ ಮಾತು ನೊಂದವನಿಗೇ ಬೇಗ ಅರ್ಥವಾಗುತ್ತದೆ.

ನಮ್ಮಲ್ಲೂ ಇದೇ ದಾರಿ ಇದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆ ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತದೆ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಸೇರಿ ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ. ಪುಣೆಯಲ್ಲಿ ಡಾ. ಅನಿತಾ ಅವಚಟ್ ಮತ್ತು ಡಾ. ಅನಿಲ್ ಅವಚಟ್ ದಂಪತಿ 1986ರಲ್ಲಿ ಆರಂಭಿಸಿದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರ ಇದೆ.

*ಮೊದಲು ವೈದ್ಯರು, ಆಮೇಲೆ ಸಭೆ*

ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಅಪಾಯವಾಗಬಹುದು. ಮೊದಲ ದಿನವೇ ಕೈ ನಡುಕ, ಬೆವರು, ನಿದ್ದೆ ಬಾರದಿರುವುದು ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ದಿಕ್ಕು ತಪ್ಪಿದಂತಾಗುತ್ತದೆ. ಇದು ಜೀವಕ್ಕೇ ಕುತ್ತು. ಆದ್ದರಿಂದ ನಿಲ್ಲಿಸುವ ಮೊದಲೇ ಸರ್ಕಾರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಎಷ್ಟು ಕುಡಿಯುತ್ತೀರಿ ಎಂಬುದನ್ನು ಮುಚ್ಚಿಡದೆ ಹೇಳಿ.

ಮನೆಯವರಿಗೊಂದು ಮಾತು. ಅವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸುವ "ಕುಡಿತ ಬಿಡಿಸುವ ಪುಡಿ" ತರಬೇಡಿ. ಅಂಥ ಕೆಲವು ಔಷಧದ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು.

*ಸಭೆ ಎಲ್ಲಿದೆ ಎಂದು ತಿಳಿಯುವುದು ಹೇಗೆ?*

1. 14446ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ, ಉಚಿತ.
2. ಮನಸ್ಸು ತೀರಾ ಕುಸಿದಿದ್ದರೆ ಟೆಲಿ ಮಾನಸ್ 14416. ಹಗಲು ರಾತ್ರಿ ಸಿಗುತ್ತದೆ.
3. ಎಎ ಇಂಡಿಯಾದ ಜಾಲತಾಣದಲ್ಲಿ ಊರಿನ ಹೆಸರು ಹಾಕಿ ಹುಡುಕಿ. ಹೋಗುವ ಮೊದಲು ಫೋನ್ ಮಾಡಿ ದಿನ, ಸಮಯ, ಭಾಷೆ ಕೇಳಿಕೊಳ್ಳಿ.
4. ಮಹಾರಾಷ್ಟ್ರದಲ್ಲಿ ಮಾತು ಹೆಚ್ಚಾಗಿ ಮರಾಠಿ, ಹಿಂದಿಯಲ್ಲಿ ನಡೆಯುತ್ತದೆ. ಕಾರ್ಖಾನೆಯಲ್ಲಿ ಆಡುವಷ್ಟು ಹಿಂದಿ ಬಂದರೆ ಸಾಕು. ಕನ್ನಡದಲ್ಲೇ ಬೇಕೆಂದರೆ ಆನ್‌ಲೈನ್ ಸಭೆಗಳ ಬಗ್ಗೆ ವಿಚಾರಿಸಿ.
5. ಪಾಳಿ ಬದಲಾಗುತ್ತಿದ್ದರೆ ಎರಡು ಬೇರೆ ಬೇರೆ ಗುಂಪುಗಳ ಸಮಯ ಬರೆದಿಟ್ಟುಕೊಳ್ಳಿ.

*ಒಳಗೆ ಏನಾಗುತ್ತದೆ?*

ಒಂದು ಕೋಣೆ, ಕೆಲವು ಕುರ್ಚಿ, ಸುಮಾರು ಒಂದು ಒಂದೂವರೆ ಗಂಟೆ. ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ. ನೀವು ಮಾತಾಡಲೇಬೇಕೆಂದಿಲ್ಲ, "ಇವತ್ತು ಕೇಳ್ತೀನಿ" ಅಂದರೆ ಸಾಕು. ಪ್ರವೇಶ ಶುಲ್ಕ ಇಲ್ಲ. ಚೀಲ ಸುತ್ತು ಬಂದಾಗ ಇಷ್ಟವಿದ್ದರೆ ಹಾಕಿ, ಇಲ್ಲದಿದ್ದರೆ ಮುಂದೆ ಕೊಡಿ. ಸದಸ್ಯರಾಗಲು ಕುಡಿತ ಬಿಡುವ ಆಸೆಯೊಂದಿದ್ದರೆ ಸಾಕು. ಸಭೆ ಚರ್ಚಿನ ಕೋಣೆಯಲ್ಲಿ ನಡೆದರೂ ಅದು ಯಾವ ಮತಕ್ಕೂ ಸೇರಿದ್ದಲ್ಲ.

"ಕಂಪನಿಯವರಿಗೆ ಗೊತ್ತಾದರೆ?" ಎಂಬ ಭಯ ಸಹಜ. ಸಂಘದ ಹೆಸರಲ್ಲೇ "ಅನಾಮಿಕ" ಎಂಬ ಅರ್ಥವಿದೆ. ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು ಎಂಬುದು ಅವರ ಪದ್ಧತಿ. ಅದನ್ನು ನೀವೂ ಪಾಲಿಸಬೇಕು.

ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ ನಡೆಯುವ ಸಭೆಗಳಿವೆ, ಯಾರು ಬೇಕಾದರೂ ಬರಬಹುದಾದ ತೆರೆದ ಸಭೆಗಳೂ ಇವೆ. ಮನೆಯವರು ತೆರೆದ ಸಭೆಗೆ ಹೋಗಬಹುದು. ಅವರದೇ ಕಷ್ಟ ಹೇಳಿಕೊಳ್ಳಲು ಅಲ್-ಅನಾನ್ ಎಂಬ ಬೇರೆ ಗುಂಪು ಇದೆ. ಮನೆಯವರು ಸಹಾಯ ಪಡೆಯಲು ಕುಡಿಯುವವರು ಒಪ್ಪುವ ತನಕ ಕಾಯಬೇಕಿಲ್ಲ.

*ಇದರಿಂದ ಉಪಯೋಗ ಇದೆಯೇ?*

ಇದೆ. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಪರಿಶೀಲಿಸಿತು. ಪೂರ್ತಿ ಕುಡಿತ ಬಿಟ್ಟು ಉಳಿಯುವ ವಿಷಯದಲ್ಲಿ, ಎಎಗೆ ಕ್ರಮಬದ್ಧವಾಗಿ ಜೋಡಿಸುವ ಚಿಕಿತ್ಸೆ ಬೇರೆ ಮನೋಚಿಕಿತ್ಸೆಗಳಿಗಿಂತ ಹೆಚ್ಚು ಫಲ ಕೊಟ್ಟಿದೆ ಎಂದು ಕಂಡುಬಂತು. ವೈದ್ಯರು ಕೊಟ್ಟ ಮಾತ್ರೆಯನ್ನು ಮಾತ್ರ ಯಾರದೋ ಮಾತು ಕೇಳಿ ನಿಲ್ಲಿಸಬೇಡಿ.

*ಮತ್ತೆ ಜಾರಿದರೆ?*

ಜಾರಿದ ದಿನವೇ ನಾಚಿಕೆ ಜಾಸ್ತಿ, ಸಭೆ ಬೇಕಾದದ್ದೂ ಅಂದೇ. ಆದರೆ ಮತ್ತೆ ಕೆಲವು ದಿನ ಹೆಚ್ಚು ಕುಡಿದಿದ್ದರೆ ಮೊದಲು ವೈದ್ಯರ ಬಳಿ ಹೋಗಿ. ಆಮೇಲೆ ಹಿಂದಿನ ಕುರ್ಚಿಯಲ್ಲಾದರೂ ಸರಿ, ಸಭೆಗೆ ಹೋಗಿ ಕೂತುಕೊಳ್ಳಿ. ಆ ಕೋಣೆಯಲ್ಲಿ ಜಾರಿ ಎದ್ದವರೇ ಹೆಚ್ಚು. ಹಳಬರೊಬ್ಬರ ನಂಬರು ತೆಗೆದುಕೊಂಡು ಜೇಬಿನಲ್ಲಿಡಿ. ಪಗಾರದ ದಿನ ಅಂಗಡಿಗಿಂತ ಮೊದಲು ಆ ನಂಬರಿಗೆ ಫೋನ್ ಮಾಡಿ.

ಜನ್ಮಪೂರ್ತಿ ಬಿಡುತ್ತೇನೆಂದು ಆಣೆ ಹಾಕಬೇಡಿ. ಇವತ್ತೊಂದು ದಿನ ಸಾಕು. ನಾಳೆಯದು ನಾಳೆಗೆ.

ನಿಮಗೆ ಬೇಡದಿದ್ದರೂ ಈ ಸಂದೇಶ ಬೇಕಾದವರು ನಿಮ್ಮ ಬಳಗದಲ್ಲಿ ಇರಬಹುದು. ಗುಂಪಿನಲ್ಲಿ ಹೆಸರು ಹಿಡಿದು ಹಾಕದೆ ಅವರಿಗೊಬ್ಬರಿಗೇ ಕಳಿಸಿ, "ನಾನೂ ಜೊತೆಗೆ ಬರ್ತೀನಿ" ಎಂದೂ ಸೇರಿಸಿ.