ತಾಬುಲಾ ರಾಸಾ, ಅಂದರೆ ಕೆರೆದ ಹಲಗೆ



ಮಗಳನ್ನು ಮೊದಲ ಸಲ ಶಾಲೆಗೆ ಕರೆತರುವ ತಾಯಂದಿರು, "ಇದಕ್ಕೆ ಏನೂ ತಿಳಿಯದು; ಖಾಲಿ ಪಾಟಿ ಇದ್ದಂತೆ ಇದೆ, ನೀವು ಬರೆದದ್ದೇ ಅಕ್ಷರ" ಎಂದು ವಿನಯದಿಂದ ಹೇಳುವದುಂಟು. ಈ ಉಪಮೆ ಬಹು ಹಳೆಯದು. ಲ್ಯಾಟಿನ್ ಭಾಷೆಯಲ್ಲಿ ಇದಕ್ಕೆ 'ತಾಬುಲಾ ರಾಸಾ' ಎನ್ನುವರು. ಇದಕ್ಕೆ 'ಬರಿದಾದ ಹಲಗೆ' ಎಂಬ ಅರ್ಥವೇ ಬಳಕೆಯಲ್ಲಿದೆ. ಆದರೆ ಪದ ಬಿಡಿಸಿ ನೋಡಿದರೆ ಅರ್ಥವು ಕೊಂಚ ಬೇರೆಯಾಗುವದು. 'ತಾಬುಲಾ' ಎಂದರೆ ಹಲಗೆ. 'ರಾಸಾ' ಎಂದರೆ ಕೆರೆಯಲ್ಪಟ್ಟದ್ದು.

ರೋಮಿನ ಮಕ್ಕಳು ಮೇಣ ತುಂಬಿದ ಮರದ ಹಲಗೆಯ ಮೇಲೆ ಕಂಟದಿಂದ ಬರೆಯುತ್ತಿದ್ದರು. ಕಂಟದ ಒಂದು ತುದಿ ಚೂಪು, ಇನ್ನೊಂದು ಚಪ್ಪಟೆ. ಪಾಠ ಮುಗಿದ ಮೇಲೆ ಚಪ್ಪಟೆ ತುದಿಯಿಂದ ಮೇಣವನ್ನು ಸವರಿದರೆ ಹಲಗೆಯು ಮತ್ತೊಂದು ಪಾಠಕ್ಕೆ ಸಿದ್ಧ. ಅಂದಮೇಲೆ ಕೆರೆದ ಹಲಗೆಯು ಹಿಂದೊಮ್ಮೆ ಬರೆಯಲ್ಪಟ್ಟ ಹಲಗೆಯೇ ಸರಿ.

ನಮ್ಮ ಕನ್ನಡ ನಾಡಿಗೂ ಇಂಥದೊಂದು ಸಾಧನವಿತ್ತು. ಅರಿವೆಗೆ ಇದ್ದಲಿಯನ್ನೂ ಹುಣಿಸೆಬೀಜದ ಅಂಟನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದರು. ಇದೇ ಕಡತ. ಶೃಂಗೇರಿ ಮಠದ ಕಡತಗಳು ಪ್ರಸಿದ್ಧವಾಗಿವೆ. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸರು ೧೮೧೦ರಲ್ಲಿ ಪ್ರಕಟವಾದ ತಮ್ಮ ಇತಿಹಾಸದಲ್ಲಿ ಕಡತವನ್ನು ವರ್ಣಿಸಿದ್ದಾರೆ. ಅದರ ಬರಹವನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ಇಂದು ಕಚೇರಿಯ ಕಾಗದದ ಕಟ್ಟಿಗೆ ಕಡತವೆನ್ನುವವರಲ್ಲಿ ಎಷ್ಟು ಮಂದಿಗೆ ಆ ಕರಿಯ ಅರಿವೆಯ ನೆನಪುಂಟೋ!

ಮನಸ್ಸಿಗೆ ಈ ಹೋಲಿಕೆಯನ್ನು ಕೊಟ್ಟವರಲ್ಲಿ ಗ್ರೀಕ್ ಪಂಡಿತನಾದ ಅರಿಸ್ಟಾಟಲನು ಪ್ರಾಚೀನನು. ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸನು ಇದನ್ನೇ ಲ್ಯಾಟಿನಿನಲ್ಲಿ ಹೇಳಿದನು. ಆಂಗ್ಲ ವೈದ್ಯನೂ ತತ್ವಜ್ಞಾನಿಯೂ ಆದ ಜಾನ್ ಲಾಕನು ೧೬೯೦ರ ತನ್ನ ಗ್ರಂಥದಲ್ಲಿ ಮನಸ್ಸನ್ನು ಬಿಳಿಯ ಕಾಗದಕ್ಕೆ ಹೋಲಿಸಿದನು. ಜರ್ಮನಿಯ ಲೈಬ್ನಿಟ್ಸನು ಒಪ್ಪಲಿಲ್ಲ. ಮನಸ್ಸು ನರಗೆರೆಗಳುಳ್ಳ ಅಮೃತಶಿಲೆ, ಒಳಗಿನ ಗೆರೆಯನ್ನನುಸರಿಸಿಯೇ ವಿಗ್ರಹವು ಮೂಡಬೇಕೆಂದನು. ನಮ್ಮ ಅಜ್ಜಿಯರು ಈ ಜಗಳದ ಎರಡೂ ಪಕ್ಷವನ್ನು ಬಲ್ಲರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬುದು ಲಾಕನ ಪಕ್ಷ. ಬೆಳೆಯುವ ಪೈರು ಮೊಳಕೆಯಲ್ಲಿ ಎಂಬುದು ಲೈಬ್ನಿಟ್ಸನದು.

ನನಗಂತೂ ಮೂಲಪದದ 'ಕೆರೆದದ್ದು' ಎಂಬ ಅರ್ಥವೇ ಭಯವನ್ನುಂಟುಮಾಡುತ್ತದೆ. ಲಂಬಾಣಿ ತಾಂಡೆಯ ಹುಡುಗಿಗೆ ಕನ್ನಡದ ಅಕ್ಷರ ಬಾರದು. ತನ್ನ ತಾಯಿಯ ಮಾತಿನಲ್ಲಿ ಹಾಡು ಬರುವದು. ಜಲನಗರದಲ್ಲಿ ಮನೆಯೊಳಗೆ ಉರ್ದುವನ್ನೂ ಬೀದಿಯಲ್ಲಿ ಕನ್ನಡವನ್ನೂ ಆಡಿ ಬೆಳೆದವಳು ಆಗಲೇ ಎರಡು ಭಾಷೆ ಬಲ್ಲವಳು. ತಿಕೋಟಾದ ದ್ರಾಕ್ಷಿ ತೋಟದ ಮಗುವು ಅಂಕಿ ಬರೆಯುವ ಮೊದಲೇ ತೂಕವನ್ನು ಬಲ್ಲದು. ಖಾಲಿ ಪಾಟಿಯೆಂದು ತಿಳಿದು ಕಲಿಸುವ ಶಿಕ್ಷಕಿಯು ಬರೆಯುವ ಮುಂಚೆ ಇದೆಲ್ಲವನ್ನೂ ಅರಿಯದೆಯೇ ಅಳಿಸಿಬಿಡುವಳು. ಆ ಮಗು ವರ್ಷವಿಡೀ ಬಾಯಿ ಬಿಡದೆ ಕುಳಿತರೆ ದಡ್ಡಿ ಎಂಬ ಹೆಸರು ಅದರ ಪಾಲಿಗೆ.

ಹುಟ್ಟಿದ ಮಗುವಾದರೂ ಬರಿದಲ್ಲ. ೧೯೮೦ರಲ್ಲಿ ಅಮೇರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಶಾಸ್ತ್ರಜ್ಞರು ಮೂರು ದಿನವೂ ತುಂಬದ ಶಿಶುಗಳನ್ನು ಪರೀಕ್ಷಿಸಿದರು. ಕೂಸು ಚೀಪುವ ರೀತಿಯನ್ನನುಸರಿಸಿ ತಾಯಿಯ ಧ್ವನಿಯಾಗಲಿ ಪರಸ್ತ್ರೀಯ ಧ್ವನಿಯಾಗಲಿ ಕೇಳಿಸುವಂತೆ ಏರ್ಪಡಿಸಿದ್ದರು. ಶಿಶುಗಳು ತಾಯಿಯ ಧ್ವನಿ ಬರುವಂತೆಯೇ ಚೀಪಿದವು!

ಆದಕಾರಣ ಪಾಲಕರೇ, ಹೆಸರು ಹಚ್ಚಲು ಬಂದಾಗ ಹುಟ್ಟಿದ ತಾರೀಖಿನೊಂದಿಗೆ ನಿಮ್ಮ ಮಗಳು ಯಾವ ಭಾಷೆಯಲ್ಲಿ ಅಳುವಳು, ಯಾವ ಕಥೆ ಬಲ್ಲಳು, ಎಷ್ಟರವರೆಗೆ ಎಣಿಸುವಳು ಎಂಬುದನ್ನೂ ತಿಳಿಸಿರಿ. ಮೊದಲನೆಯ ವಾರ ಪಾಟಿಯು ಅವಳ ಚೀಲದಲ್ಲಿಯೇ ಇರಲಿ.