ತೊಂಬತ್ತು ದಿನ ಕಳೆದ ಮೇಲಿನ ವಿಮೆ

ಸಕಲೇಶಪುರ, ಆಲೂರು ಸೀಮೆಯ ಬೆಳೆಗಾರರ ಮನೆಗಳಲ್ಲಿ ಹಣಕ್ಕೂ ಋತುವುಂಟು. ಅರೇಬಿಕಾ ಕೊಯ್ಲು ಮುಗಿದು, ರೊಬಸ್ಟಾ ಕಣದಲ್ಲಿ ಒಣಗಿ, ಬಳ್ಳಿಯಿಂದ ಮೆಣಸು ಇಳಿಯುವ ಮಾಘ ಫಾಲ್ಗುಣಗಳಲ್ಲಿ ಕೈಯಾಡುವ ಧನವು ಗೊಬ್ಬರಕ್ಕೆ, ಮರಗಸಿಗೆ, ಕಳೆ ತೆಗೆಸುವ ಕೂಲಿಗೆ ಎಂದು ಕರಗುತ್ತ ಬಂದು, ಆಷಾಢದ ಮಳೆ ಹಿಡಿಯುವ ಹೊತ್ತಿಗೆ ಬಹುತೇಕ ಬರಿದಾಗಿರುತ್ತದೆ. ನನ್ನ ಮಗಳು ಜನಿಸಿದ್ದು ಅಂಥ ಆಷಾಢದಲ್ಲಿ, ಅದೂ ದಿನ ತುಂಬುವ ಮುನ್ನ.

ಮೂವತ್ತಮೂರನೆಯ ವಾರದಲ್ಲಿ ರಕ್ತದೊತ್ತಡವೇರಿ, ಮುಖ ಬಾತು, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡಾಗ, ಇನ್ನು ಕಾಯುವುದು ತಾಯಿ ಮಗು ಇಬ್ಬರಿಗೂ ಅಪಾಯವೆಂದು ವೈದ್ಯರು ನಿಶ್ಚಯಿಸಿದರು. ಹಾಸನದ ಖಾಸಗಿ ಆಸ್ಪತ್ರೆಯೊಂದರಲ್ಲಿ ಶಿಶುವಿನ ಶ್ವಾಸಕೋಶ ಬಲಿಯಲೆಂದು ಒಂದು ದಿನದ ಅಂತರದಲ್ಲಿ ಎರಡು ಸ್ಟೀರಾಯ್ಡ್ ಚುಚ್ಚುಮದ್ದುಗಳನ್ನು ಕೊಟ್ಟು, ಅನಂತರ ಆಕ್ಸಿಟೋಸಿನ್ ಡ್ರಿಪ್ ಹಾಕಿ ನೋವು ಬರಿಸಿದರು. ಬರಿಸಿದ ನೋವಿಗೆ ಮುನ್ಸೂಚನೆಯೆಂಬುದಿಲ್ಲ. ಹನಿಯ ವೇಗ ಹೆಚ್ಚಿಸಿದಂತೆಲ್ಲ ಅದೂ ಹೆಚ್ಚಿತು. ಅದರ ನಡುವೆಯೇ ನಮ್ಮ ಯಜಮಾನರು ಮುಂಗಡ ಕಟ್ಟುವ ಕಾಗದಕ್ಕೆ ನನ್ನ ಸಹಿ ಕೇಳಿಕೊಂಡು ಬಂದರು. ಒಂದು ಕಿಲೋ ಆರುನೂರು ಗ್ರಾಮಿನ ಕೂಸನ್ನು ನನಗೆ ಒಮ್ಮೆ ತೋರಿಸಿ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ, ಎಂದರೆ ಎನ್‌ಐಸಿಯುಗೆ, ಒಯ್ದರು.

ಮದುವೆಯಾದ ವರ್ಷವೇ ಆರೋಗ್ಯ ಪಾಲಿಸಿಗೆ ಹೆರಿಗೆಯ ರೈಡರ್ ಸೇರಿಸಿದ್ದೆವು. ಅದರ ಲೆಕ್ಕವನ್ನು ಸಾವಕಾಶವಾಗಿಯೇ ನೋಡೋಣ. ಮೂಲ ಪ್ರೀಮಿಯಂ ಬಿಡಿ, ಅದು ಬೇರೆ ಕಾಯಿಲೆಗಳಿಗೆ ಸಂದದ್ದು. ರೈಡರಿಗೆಂದೇ ವರ್ಷಕ್ಕೆ 12,000 ರೂಪಾಯಿ, ಅದರ ಮೇಲೆ ಆಗಿನ ಶೇ. 18ರ ಜಿಎಸ್‌ಟಿ 2,160, ಒಟ್ಟು 14,160. ಮೂರು ವರ್ಷದ ಕಾಯುವ ಅವಧಿ ಕಳೆದು ನಾಲ್ಕನೆಯ ವರ್ಷದ ಕೊನೆಗೆ ಪ್ರಸವವಾದುದರಿಂದ ನಾಲ್ಕು ಕಂತು, ಎಂದರೆ 56,640. ಇದೇ ಹಣವನ್ನು ಆಯಾ ವರ್ಷದ ಆದಿಯಲ್ಲಿ ಶೇ. 7ರ ಠೇವಣಿಯಲ್ಲಿ ಇರಿಸಿದ್ದರೆ ಮೊದಲ ಕಂತು 18,561, ಎರಡನೆಯದು 17,347, ಮೂರನೆಯದು 16,212, ಕೊನೆಯದು 15,151, ಕೂಡಿದರೆ 67,271. ಹೆರಿಗೆಗೆ ಪಾಲಿಸಿಯ ಮಿತಿಯೋ 50,000! 2025ರ ಸೆಪ್ಟೆಂಬರ್ 22ರಿಂದ ಇಂಥ ಪಾಲಿಸಿಗಳ ಮೇಲಿನ ಜಿಎಸ್‌ಟಿ ರದ್ದಾಗಿದೆ, ಆದ್ದರಿಂದ ಈಗ ಲಾಭವೆಂದು ಹೇಳುವವರುಂಟು. ತೆರಿಗೆಯನ್ನು ಕಳೆದು ಮತ್ತೊಮ್ಮೆ ಕೂಡಿಸಿದೆ: 57,009. ಆಗಲೂ ಕಂಪನಿಯೇ ಗೆಲ್ಲುತ್ತದೆ.

ಬರುವುದೆಂದು ತಿಳಿದೇ ಇರುವ ಖರ್ಚಿಗೆ ವಿಮೆಯೆಂಬುದು ನಮ್ಮ ದುಡ್ಡನ್ನೇ ಕಂಪನಿಯ ಕೈಯಲ್ಲಿ ಕೊಟ್ಟು, ಸವೆದದ್ದನ್ನು ಹಿಂದಕ್ಕೆ ಪಡೆಯುವ ವ್ಯವಹಾರ. ಅನಿರೀಕ್ಷಿತವಾದದ್ದು ಶಿಶುವಿನ ಚಿಕಿತ್ಸೆ, ಅದಕ್ಕಾದರೂ ರಕ್ಷಣೆಯಿತ್ತೇ? ಹೆರಿಗೆಯ ಬಿಲ್ಲು 62,000, ಎನ್‌ಐಸಿಯುವಿನದು 2,38,000. ನವಜಾತ ಶಿಶುವಿನ ಮೊದಲ ತೊಂಬತ್ತು ದಿನಗಳ ವೆಚ್ಚವೂ ಹೆರಿಗೆಯ ಮಿತಿಯೊಳಗೇ ಅಡಕವೆಂದು ಷರತ್ತಿನಲ್ಲಿ ಬರೆದಿದ್ದ ಕಾರಣ, ತಾಯಿಯ ಬಿಲ್ಲಿಗೇ ಆ ಮಿತಿ ಮುಗಿದು, ಕೂಸಿನ ಪಾಲಿಗೆ ಬಿಡಿಗಾಸೂ ಉಳಿಯಲಿಲ್ಲ. ಮೂವತ್ತನಾಲ್ಕು ವಾರಕ್ಕೆ ಮೊದಲೇ ಹುಟ್ಟಿದ ಮಕ್ಕಳಿಗೆ ನಾಲ್ಕನೆಯ ವಾರದಲ್ಲಿ ಅಕ್ಷಿಪಟಲದ ಪರೀಕ್ಷೆಯಾಗಲೇಬೇಕು. ಅದೂ ಆ ತೊಂಬತ್ತು ದಿನಗಳೊಳಗೆ ಬಿತ್ತು. ಆಪತ್ತೆಲ್ಲ ಕಳೆದು ಮಗು ನಗತೊಡಗಿದ ಮೇಲೆ ರಕ್ಷಣೆ ಆರಂಭಿಸುವ ಈ ಜಾಣತನವನ್ನು ಯಾರು ಕಂಡುಹಿಡಿದರೋ!

ಆದರೆ ರೈಡರಿನ ನಿಜವಾದ ಬೆಲೆ ಅದರ ಪ್ರೀಮಿಯಮ್ಮಿನಲ್ಲಿಲ್ಲ. ವಿಮೆಯುಂಟೆಂಬ ಭರವಸೆಯೇ ನಮ್ಮನ್ನು ಖಾಸಗಿ ಆಸ್ಪತ್ರೆಯ ಬಾಗಿಲಿಗೆ ಕರೆದೊಯ್ದಿತು. ಅದೇ ಹಾಸನದಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಸರಕಾರಿ ಆಸ್ಪತ್ರೆಯಿದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದನ್ವಯ ಸರಕಾರಿ ಆಸ್ಪತ್ರೆಗಳಲ್ಲಿ ಪ್ರಸವವೂ, ಅಸ್ವಸ್ಥ ನವಜಾತ ಶಿಶುವಿನ ಚಿಕಿತ್ಸೆಯೂ ಉಚಿತ. ತೋಟದ ಕೆಲಸದ ಹೆಣ್ಣುಮಕ್ಕಳಿಗೆ ಇದೆಲ್ಲ ತಿಳಿದಿತ್ತು. ತೋಟದ ಮನೆಯವರಾದ ನಾವು ವಿಚಾರಿಸಲೂ ಇಲ್ಲ.

ಉಳಿದ ಹಣ ಒದಗಿದ್ದು ಉಗ್ರಾಣದಲ್ಲಿದ್ದ ಮೆಣಸಿನ ಮೂಟೆಗಳಿಂದ. ಒಣಗಿಸಿದ ಮೆಣಸು ವರ್ಷಗಟ್ಟಲೆ ಕೆಡದೆಂದು ಅತ್ತೆಯವರು ಪ್ರತಿ ಫಸಲಿನಲ್ಲೂ ಒಂದಿಷ್ಟನ್ನು ಮಾರದೆ ಎತ್ತಿಡುತ್ತಿದ್ದರು. ಬೆಲೆ ನೋಡದೆ ಆ ಮಳೆಯಲ್ಲೇ ಮಾರಿಸಿದರು. ಇದನ್ನೇ ಮಾದರಿಯೆನ್ನಲಾರೆ, ಮೆಣಸಿನ ದರವನ್ನು ನಂಬಿ ಕೆಟ್ಟವರೂ ಉಂಟು. ಆದರೆ ಆ ಉಗ್ರಾಣದ ಬೀಗದ ಕೈ ಅತ್ತೆಯವರ ಸೊಂಟದಲ್ಲಿತ್ತು. ಪಾಲಿಸಿಯ ಕಾಗದ ಯಜಮಾನರ ಬೀರುವಿನಲ್ಲಿತ್ತು, ನಾನು ಅದನ್ನು ಓದಿದ್ದು ಬಾಣಂತನದಲ್ಲಿ. ನಮ್ಮ ಮಲೆನಾಡಿನ ಮನೆಗಳಲ್ಲಿ ಹೆರುವವಳು ಒಬ್ಬಳು, ಷರತ್ತು ಓದುವವನು ಇನ್ನೊಬ್ಬ. ಬಹಳ ಸಲ ಅವನೂ ಓದಿರುವುದಿಲ್ಲ. ತಾಯಿ ಕಾರ್ಡು ಕೈಗೆ ಬಂದ ದಿನವೇ ಪಾಲಿಸಿಯನ್ನೂ ಕೇಳಿ ಇಸಿದುಕೊಂಡು, ಮಗುವಿಗೆ ಯಾವ ದಿನದಿಂದ, ಎಷ್ಟು ಹಣದವರೆಗೆ ರಕ್ಷಣೆಯೆಂಬ ಆ ಒಂದು ಸಾಲನ್ನಾದರೂ ಗರ್ಭಿಣಿಯೇ ಓದಬೇಕು.

ನವೀಕರಣದ ವೇಳೆ ಮೂಲ ಪಾಲಿಸಿ ಉಳಿಸಿಕೊಂಡು, ಮಗಳ ಹೆಸರು ಸೇರಿಸಿ, ರೈಡರ್ ತೆಗೆಸಿದೆವು. ಎರಡನೆಯ ಹೆರಿಗೆಗೆ ಬೇಕಾದೀತೆಂದು ಏಜೆಂಟರು ಎರಡು ಬಾರಿ ಫೋನ್ ಮಾಡಿದರು.